ಹಂಚಿನ ಕಾರ್ಖಾನೆಯೂ ಸುವಾರ್ತಾಸೇವೆಯೂ

ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಗ್ಗವನ್ನೂ ಹಂಚಿನ ಕಾರ್ಖಾನೆಯನ್ನೂ ಹೂಡಿದ್ದರಿಂದ ಸುವಾರ್ತಾಸೇವೆಯು ವ್ಯಾಪಾರದಲ್ಲಿ ಮುಳುಗಿಹೋಯಿತೆಂದು ಕಳೆದ ಸಂಚಿಕೆಯಲ್ಲಿ ಲೇಖಕ ಮಹಾಶಯರೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಪ್ರಸಂಗಪೀಠದ ಮೇಲಿಂದ ನೋಡುವವರಿಗೆ ಹಾಗೆ ಕಾಣುವುದು ಸಹಜವೇ ಇರಬಹುದು. ಆದರೆ ದೀಕ್ಷಾಸ್ನಾನ ಹೊಂದಿದೊಡನೆ ಕುಲದಿಂದ ಬಹಿಷ್ಕೃತನಾಗಿ, ಕಸುಬನ್ನೂ ಗೇಣಿಯ ಭೂಮಿಯನ್ನೂ ಒಟ್ಟಿಗೆ ಕಳೆದುಕೊಂಡು, ಹೆಂಡಿರು ಮಕ್ಕಳೊಡನೆ ಮಿಷನ್ನಿನ ಅಂಗಳದಲ್ಲಿ ಬಂದು ನಿಂತವನಿಗೆ ಬರಿಯ ಬೋಧನೆಯನ್ನು ಬಡಿಸಿ ಕಳುಹಿಸುವುದೇ ನಿರ್ಮಲವಾದ ಸೇವೆಯೆಂದು ಅವರು ಬಗೆದಿರುವರೋ? 1851ರಲ್ಲಿ ಮಿಷನ್ನಿನ ಹಾಲರನು ನೇಯ್ಗೆಯನ್ನು ವ್ಯವಸ್ಥೆಗೊಳಿಸಿದುದೂ, 1865ರಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಡಿಸತೊಡಗಿದುದೂ ಈ ಹಸಿವೆಗೆ ಕೊಟ್ಟ ಉತ್ತರಗಳೇ ಹೊರತು ಧನಲೋಭದ ಲೀಲೆಗಳಲ್ಲ. ಕೊರಿಂಥದಲ್ಲಿ ಅಕ್ವಿಲನ ಮನೆಯಲ್ಲಿದ್ದುಕೊಂಡು ಗುಡಾರ ಮಾಡುವ ಕೆಲಸದಿಂದ ಹೊಟ್ಟೆಹೊರೆದ ಅಪೊಸ್ತಲ ಪೌಲನನ್ನು ಲೇಖಕರು ಯಾವ ಪಂಕ್ತಿಯಲ್ಲಿ ಕೂರಿಸುವರೋ ಕಾಣೆ.

ಆಕ್ಷೇಪಿಸಲೇಬೇಕಿದ್ದರೆ ಬೇರೊಂದು ಎಡೆಯಿತ್ತು. ಕೂಲಿ ಕೊಡುವ ಧಣಿಯೂ ಸಭಾಶಿಸ್ತನ್ನು ವಿಧಿಸುವ ಗುರುವೂ ಒಂದೇ ಸಂಸ್ಥೆಗೆ ಸೇರಿದವರಾಗಿ, ಕಾರ್ಖಾನೆಯ ಗಂಟೆಗೂ ಆರಾಧನೆಯ ಗಂಟೆಗೂ ಒಬ್ಬನೇ ಬಡಪಾಯಿಯು ತಲೆಬಾಗಬೇಕಾಗಿ ಬಂದಾಗ, ಅವನ ವಿಶ್ವಾಸಕ್ಕೆ ಎಷ್ಟು ಸ್ವಾತಂತ್ರ್ಯ ಉಳಿದೀತು? ಇದನ್ನು ಲೇಖಕರು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಸಿದ್ಧವಾದ ಉತ್ತರವಿರುತ್ತಿರಲಿಲ್ಲ.