ಮಗನ ಸಂಬಳ ಗೊತ್ತು, ಸಾಲ ಗೊತ್ತಿಲ್ಲ

ಕರಾವಳಿಯಿಂದ ಬಂದು ಹಾನಗಲ್ಲಿನಲ್ಲಿ ಮದ್ರಸ ಕಲಿಸುವ ನಮ್ಮ ಬಳಿ ಓದಿದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಪ್ರೋಗ್ರಾಮರ್. ಪೆರ್ನಾಲ್‌ಗೆ ಊರಿಗೆ ಬಂದವನು ಅಸರ್ ನಮಾಜ್ ಮುಗಿಸಿ ಮೊಬೈಲ್ ತೋರಿಸಿದ: ಕ್ರೆಡಿಟ್ ಕಾರ್ಡ್ ಬಾಕಿ 50,000 ರೂಪಾಯಿ. ತಂಗಿ ಮದುವೆಗೆ ಫ್ರಿಜ್, ಬೀರು ಕೊಂಡದ್ದು. (ಕೊಡಲೇಬೇಕಿತ್ತಾ ಅನ್ನೋದು ಬೇರೆ ಚರ್ಚೆ.) ಮನೆಯಲ್ಲಿ ಹೇಳಿಲ್ಲ.

"ಉಸ್ತಾದ್, ಕನಿಷ್ಠ ಮೊತ್ತ ಕಟ್ತಾ ಇದ್ದೇನೆ" ಅಂದ. ಬಿಲ್ ಹಿಡಿದು ಲೆಕ್ಕ ಹಾಕಿದೆವು. ಕನಿಷ್ಠ ಮೊತ್ತ ಶೇ 5, ಅಂದ್ರೆ 2,500. ತಿಂಗಳ ಬಡ್ಡಿ ಶೇ 3.5, ಅಂದ್ರೆ 1,750. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 315. ಅಸಲು ಇಳಿಯುವುದು ಬರೀ 435 ರೂಪಾಯಿ! ದಿನವಿಡೀ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವವನಿಗೂ ಇದು ಕಂಡಿರಲಿಲ್ಲ. ಬಡ್ಡಿ ಹರಾಂ ಅಂತ ಕಲಿಸಿದ ನಾವು ಬಿಲ್ ಓದೋದನ್ನು ಕಲಿಸಿರಲಿಲ್ಲ.

ತಪ್ಪು ಅವನೊಬ್ಬನದಲ್ಲ. ಯುಪಿಐಯಲ್ಲಿ ದುಡ್ಡು ಬಂತು ಅಂದ್ರೆ ಮನೆಯವರಿಗೆ ಸಮಾಧಾನ. ಬಾಡಿಗೆಗೆ ಎಷ್ಟು ಹೋಯಿತು, ಕೈಯಲ್ಲಿ ಎಷ್ಟು ಉಳಿಯಿತು ಅಂತ ಕೇಳುವವರು ಯಾರು? ನಮ್ಮ ಬ್ಯಾರಿ ಮನೆಗಳಲ್ಲಿ ಗಲ್ಫಿನಿಂದ ಡ್ರಾಫ್ಟ್ ಬರುತ್ತಿದ್ದ ಕಾಲದಿಂದಲೂ ಇದೇ ಕಥೆ.

ಕುರ್‌ಆನಿನ ಅತಿ ಉದ್ದದ ಆಯತ್, ಅಲ್‌ಬಖರದ 282, ಸಾಲವನ್ನು ಬರೆದಿಡುವುದರ ಬಗ್ಗೆಯೇ ಇದೆ. ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ಮಗನ ಸಾಲಕ್ಕೂ ಇರಲಿ.

ಆ ರಾತ್ರಿ ಹುಡುಗ ತಾಯಿಗೆ ಹೇಳಿದ. ಭತ್ತ ಮಾರಿದ ದುಡ್ಡಿನಿಂದ ತಂದೆ ಅರ್ಧ ಕೊಟ್ಟರು.