ವೈಫೈ ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆ?

ಗದಗ-ಬೆಟಗೇರಿಯ ಓಣಿಗಳಲ್ಲಿ ಒಂದು ಕಾಲಕ್ಕೆ ಕೇಬಲ್ ಟಿವಿಯ ಕಪ್ಪು ತಂತಿ ಮಾಳಿಗೆಯಿಂದ ಮಾಳಿಗೆಗೆ ಹಾದು ಬರುತ್ತಿತ್ತು. ಈಗ ಅದೇ ಹಾದಿಯಲ್ಲಿ ಫೈಬರ್ ತಂತಿ ಬಂದಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಅಷ್ಟೇ. ಮಕ್ಕಳ ಪಾಠ, ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನದ ಅರ್ಜಿ, ದೂರದೂರಿನಲ್ಲಿ ದುಡಿಯುವ ಮನೆಯ ಯಜಮಾನರ ವಿಡಿಯೋ ಕಾಲ್, ಎಲ್ಲಕ್ಕೂ ಗೋಡೆಗೆ ತೂಗುಹಾಕಿದ ಆ ಬಿಳಿ ಪೆಟ್ಟಿಗೆಯೇ ಆಧಾರ. ಅದನ್ನು ಕೆಲವರು ಮೋಡೆಮ್ ಎನ್ನುತ್ತಾರೆ, ಕೆಲವರು ರೌಟರ್ ಎನ್ನುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು 'ವೈಫೈ ಡಬ್ಬಿ'.

ಅದನ್ನು ಕೂಡಿಸಲು ಬರುವ ಹುಡುಗ ಅರ್ಧ ತಾಸಿನಲ್ಲಿ ಕೆಲಸ ಮುಗಿಸುತ್ತಾನೆ. "ಎಲ್ಲಾ ಸೆಟ್ ಮಾಡೀನ್ರಿ ಆಪಾ, ನೀವು ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೊರಡುತ್ತಾನೆ. ಅವನು ಒಳ್ಳೆಯ ಹುಡುಗನೇ ಇರಬಹುದು. ಆದರೆ ಅವನು ಹೊರಡುವಾಗ ನಮ್ಮ ಮನೆಯ ಎರಡು ಬೀಗದ ಕೈಗಳು ಅವನ ಬಳಿಯೂ ಇರುತ್ತವೆ. ಒಂದು, ಫೋನಿನಲ್ಲಿ ನಾವು ಹಾಕುವ ವೈಫೈ ಪಾಸ್‌ವರ್ಡ್. ಇನ್ನೊಂದು, ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್. ಮೊದಲನೆಯದು ನಮಗೆ ಗೊತ್ತು. ಎರಡನೆಯದು ಒಂದಿದೆ ಎಂಬುದೇ ಅನೇಕ ಸಹೋದರಿಯರಿಗೆ ಗೊತ್ತಿಲ್ಲ.

ಸೂರಃ ಅನ್ನೂರ್‌ನ 27ನೇ ವಚನ ಪರರ ಮನೆಗೆ ಹೋಗುವ ಮೊದಲು ಅನುಮತಿ ಕೇಳಿ ಸಲಾಮ್ ಹೇಳುವ ಕ್ರಮವನ್ನು ನಮಗೆ ಕಲಿಸಿದೆ. ಬಾಗಿಲಿಗೆ ಪರದೆ ಹಾಕುತ್ತೇವೆ, ಕದ ತಟ್ಟಿದವರು ಯಾರೆಂದು ಕೇಳುತ್ತೇವೆ. ಈ ಪೆಟ್ಟಿಗೆಯೂ ಮನೆಯ ಒಂದು ಬಾಗಿಲೇ. ಅದರ ಮೂಲಕ ಬರುವವರು ಕದ ತಟ್ಟುವುದಿಲ್ಲ.

ಇದು ಹೆದರಿಸಲು ಹೇಳುವ ಮಾತಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಮೋಡೆಮ್‌ಗಳ ಮೇಲೆ ಒಂದು ದುಷ್ಟ ಪ್ರೋಗ್ರಾಮ್ ದಾಳಿ ಮಾಡಿತು. ಅದರ ಪೆಟ್ಟು ನಮ್ಮ ಕರ್ನಾಟಕಕ್ಕೂ ಬಿತ್ತು. ಸಿಕ್ಕಿಬಿದ್ದ ಮೋಡೆಮ್‌ಗಳು ಎಂಥವು? ಕಾರ್ಖಾನೆಯಿಂದ ಬಂದಾಗ ಇದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದಂಥವು. ಆಗ ಕಂಪನಿಯೇ ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು. ಎಷ್ಟೋ ಮನೆಗಳಲ್ಲಿ ಆ ಮಾತು ಯಜಮಾನರ ಕಿವಿಗೂ ಬಿದ್ದಿರಲಿಕ್ಕಿಲ್ಲ, ಇನ್ನು ಮನೆಯ ಹೆಂಗಸರ ಮಾತೆಲ್ಲಿ?

ಇದಕ್ಕಿಂತ ಗಂಭೀರವಾದದ್ದು 2008ರ ಸಂಗತಿ. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಒಂದು ಇಮೇಲ್ ಹೋಗಿತ್ತು. ಪೊಲೀಸರು ಅದರ ಜಾಡು ಹಿಡಿದು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೇರಿಕದ ಪ್ರಜೆಯೊಬ್ಬರ ಫ್ಲ್ಯಾಟಿಗೆ. ಅವರ ವೈಫೈಗೆ ಸರಿಯಾದ ಭದ್ರತೆ ಇರಲಿಲ್ಲ, ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಆದರೂ ವಿಚಾರಣೆಯ ಮೊದಲ ಪ್ರಶ್ನೆ ಬಂದದ್ದು ಯಾರ ಹೆಸರಿನಲ್ಲಿ ಸಂಪರ್ಕವಿತ್ತೋ ಅವರ ಮೇಲೆ. ಪೊಲೀಸರಿಗೆ ಕಾಣುವುದು ಸಂಪರ್ಕದ ಒಡೆಯನ ಹೆಸರು ಮತ್ತು ವಿಳಾಸ. ಅಂಥ ಪ್ರಶ್ನೆ ನಮ್ಮ ಮನೆಗಳ ಬಾಗಿಲಿಗೆ ಬಂದರೆ ಏನಾಗಬಹುದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸ ರೊಟ್ಟಿ ಬಡಿಯುವುದಕ್ಕಿಂತ ಸುಲಭ. ಮನೆಯ ವೈಫೈಗೆ ಜೋಡಿಸಿದ ಫೋನಿನಲ್ಲಿ ಇಂಟರ್‌ನೆಟ್ ನೋಡುವ ಕ್ರೋಮ್‌ನಂಥ ಆಪ್ ತೆರೆಯಿರಿ. ಮೇಲೆ ವಿಳಾಸ ಬರೆಯುವ ಜಾಗದಲ್ಲಿ, ಪೆಟ್ಟಿಗೆಯ ಹಿಂದೆ ಅಂಟಿಸಿದ ಚೀಟಿಯಲ್ಲಿರುವ ಅಂಕೆಗಳನ್ನು ಹಾಕಿ. ಸಾಮಾನ್ಯವಾಗಿ ಅದು 192.168.1.1 ಎಂದಿರುತ್ತದೆ. 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಕಂಡರೆ ಗಾಬರಿ ಬೇಡ, ನೀವು ಹೊರಗಿನ ಲೋಕಕ್ಕೆ ಹೋಗುತ್ತಿಲ್ಲ, ನಿಮ್ಮದೇ ಗೋಡೆಯ ಮೇಲಿನ ಪೆಟ್ಟಿಗೆಯೊಡನೆ ಮಾತಾಡುತ್ತಿದ್ದೀರಿ. ಒಳಗೆ ಹೋಗುವ ಹೆಸರು ಮತ್ತು ಪಾಸ್‌ವರ್ಡ್ ಕೂಡ ಆ ಚೀಟಿಯಲ್ಲೇ ಇರುತ್ತವೆ. ಇಲ್ಲದಿದ್ದರೆ ಕೂಡಿಸಲು ಬಂದ ಹುಡುಗನನ್ನೇ ಕೇಳಿ ಬರೆದುಕೊಳ್ಳಿ. ದುಡ್ಡು ಕೊಟ್ಟವರು ನೀವು, ಸಂಕೋಚವೇಕೆ? ಅವನು ಬರುವ ಹೊತ್ತಿಗೆ ಗಂಡಸರು ಮನೆಯಲ್ಲಿರದಿದ್ದರೆ ಅತ್ತೆಯನ್ನೋ ಪಕ್ಕದ ಮನೆಯ ಹಿರಿಯರನ್ನೋ ಕೂರಿಸಿಕೊಂಡು ಕೇಳಿ.

ತೆರೆದ ಕೂಡಲೇ ವ್ಯಾನ್ ಅಥವಾ ಇಂಟರ್‌ನೆಟ್ ಎಂಬ ಒಂದು ಪುಟ ಕಾಣುತ್ತದೆ. ಅದರಲ್ಲಿ ಪಿಪಿಪಿಒಇ ಎಂದು ಬರೆದು ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್, ಕೆಲವು ಕಡೆ ವಿಲ್ಯಾನ್ ಎಂಬ ಒಂದು ಅಂಕೆ ಇರುತ್ತವೆ. ನಮ್ಮ ಪೆಟ್ಟಿಗೆ ಕಂಪನಿಗೆ 'ನಾನು ಇಂಥ ಮನೆಯವಳು' ಎಂದು ಹೇಳಿಕೊಳ್ಳುವುದು ಇವುಗಳಿಂದಲೇ. ಈ ಪುಟವನ್ನು ಮಾತ್ರ ಮುಟ್ಟಬೇಡಿ. ಫೋಟೋ ತೆಗೆದು, ಅಂಕೆಗಳನ್ನು ಒಂದು ಹಾಳೆಯಲ್ಲೂ ಬರೆದಿಡಿ. ಅಲ್ಲಿನ ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುವುದರಿಂದ ಅದನ್ನು ಕಂಪನಿಯವರಿಂದಲೇ ಕೇಳಿ ಪಡೆಯಬೇಕು. ಪೆಟ್ಟಿಗೆಯ ಹಿಂದೆ ಸೂಜಿಯ ಮೊನೆ ಹೋಗುವಷ್ಟು ಸಣ್ಣ ರಂಧ್ರವಿದೆ, ಅದರೊಳಗೆ ರೀಸೆಟ್ ಗುಂಡಿ. ನೆಟ್ ನಿಂತಾಗಲೆಲ್ಲ ಮನೆಯ ಹುಡುಗರು ಅದನ್ನೇ ಚುಚ್ಚುತ್ತಾರೆ. ಚುಚ್ಚಿದರೆ ಈ ವಿವರಗಳೆಲ್ಲ ಅಳಿಸಿಹೋಗಬಹುದು. ಮೊದಲು ದೀಪ ನೋಡಿ. ಎಲ್‌ಒಎಸ್ ಎಂದು ಬರೆದಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ರಸ್ತೆ ಅಗೆದಿರಬಹುದು, ಎತ್ತರಕ್ಕೆ ಹೊಟ್ಟು ಹೇರಿದ ಟ್ರ್ಯಾಕ್ಟರ್ ತಂತಿ ಎಳೆದಿರಬಹುದು. ಆಗ ಯಾವ ಸೆಟ್ಟಿಂಗ್ ಬದಲಿಸಿಯೂ ಫಲವಿಲ್ಲ, ಫೋನ್ ಮಾಡಿ ದೂರು ಕೊಡಬೇಕು.

ಬದಲಿಸಬೇಕಾದದ್ದು ಆ ಎರಡು ಪಾಸ್‌ವರ್ಡ್‌ಗಳನ್ನು. ಪೆಟ್ಟಿಗೆಯೊಳಗೆ ಹೋಗುವುದಕ್ಕೆ ಒಂದು, ವೈಫೈಗೆ ಇನ್ನೊಂದು, ಎರಡೂ ಬೇರೆ ಬೇರೆ ಇರಲಿ. ವೈಫೈ ಪುಟದಲ್ಲಿ ಭದ್ರತೆಯ ಬಗೆಯನ್ನು ಕೇಳಿದರೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಪಿಎಸ್ ಎಂಬ ಗುಂಡಿ ಒತ್ತುವ ಸೌಲಭ್ಯವನ್ನು ಆಫ್ ಮಾಡಿ. ಕಂಪನಿ ತನ್ನ ಕಚೇರಿಯಿಂದಲೇ ಪೆಟ್ಟಿಗೆಯನ್ನು ನೋಡುವ ವ್ಯವಸ್ಥೆ ಹಲವು ಕಡೆ ಬೇರೆಯೇ ಇರುತ್ತದೆ, ಆದ್ದರಿಂದ ರಿಪೇರಿಗೆ ತೊಂದರೆಯಾದೀತೆಂಬ ಚಿಂತೆ ಬೇಡ. ಇನ್ನು ಪಾಸ್‌ವರ್ಡ್ ಹೇಗಿರಬೇಕು? ಮಗನ ಹೆಸರಿನ ಮುಂದೆ 786 ಸೇರಿಸಿದರೆ ಭದ್ರವಾಯಿತೆಂಬ ನಂಬಿಕೆ ನಮ್ಮಲ್ಲಿ ಬಹಳ. ಊಹಿಸುವವನು ಮೊದಲು ಹಾಕಿ ನೋಡುವುದು ಅದನ್ನೇ! ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದಗಳನ್ನು ಕೂಡಿಸಿ. ಮನೆಯವರಿಗೆ ನೆನಪಿರುತ್ತದೆ, ಹೊರಗಿನವರಿಗೆ ಹೊಳೆಯುವುದಿಲ್ಲ. ವೈಫೈಗೆ ಇಡುವ ಹೆಸರಿನಲ್ಲಿ ಮನೆತನದ ಹೆಸರಾಗಲಿ ಮನೆಯ ನಂಬರಾಗಲಿ ಬೇಡ.

ಈಗ ನೆರೆಯವರ ವಿಷಯ. "ಖಾಲಾ, ನಿಮ್ಮ ವೈಫೈ ಪಾಸ್‌ವರ್ಡ್ ಹೇಳ್ರಿ, ಹಾಲ್ ಟಿಕೆಟ್ ತೆಗೀಬೇಕು" ಎಂದು ಪಕ್ಕದ ಮನೆಯ ಹುಡುಗಿ ಬಂದು ನಿಂತರೆ ಇಲ್ಲವೆನ್ನುವುದು ಹೇಗೆ? ಇಲ್ಲವೆನ್ನಬಾರದು ಕೂಡ. ನೆರೆಯವರ ಹಕ್ಕು ಸಣ್ಣದಲ್ಲ. ಅನೇಕ ಪೆಟ್ಟಿಗೆಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯವಿದೆ. ಪಡಸಾಲೆಗೆ ಬಂದವರು ಅಡುಗೆಮನೆಗೆ ಬರದಂತೆ ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಆದರೆ ನೆನಪಿರಲಿ, ಹೊರಗಿನ ಜಗತ್ತಿಗೆ ಅದೂ ನಿಮ್ಮ ಹೆಸರಿನ ಸಂಪರ್ಕವೇ. ಆದ್ದರಿಂದ ಗೊತ್ತಿದ್ದವರಿಗೆ ಮಾತ್ರ ಕೊಡಿ, ಪರೀಕ್ಷೆ ಮುಗಿದ ಮೇಲೆ ಬದಲಿಸಿ. ಹುಡುಗಿಯ ತಾಯಿಗೆ ಕಾರಣ ತಿಳಿಸಿ ಹೇಳಿದರೆ ಯಾರಿಗೂ ಬೇಸರವಾಗದು.

ತಾಯಂದಿರು ಹೆಚ್ಚು ಕೇಳುವ ಪ್ರಶ್ನೆ, ಕೆಟ್ಟ ಚಿತ್ರಗಳು ಮಕ್ಕಳ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯಲ್ಲೇ ತಡೆಯಬಹುದೇ ಎಂದು. ಸ್ವಲ್ಪಮಟ್ಟಿಗೆ ಸಾಧ್ಯ. ನಾವು ಬರೆಯುವ ವೆಬ್‌ಸೈಟ್ ಹೆಸರನ್ನು ಅಂಕೆಯ ವಿಳಾಸವಾಗಿ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಎಂಬಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿದರೆ ಗೊತ್ತಿರುವ ಅಶ್ಲೀಲ ತಾಣಗಳು ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ ಎಂಬ ಕಂಪನಿ 2020ರಲ್ಲಿ ಕುಟುಂಬಗಳಿಗಾಗಿ ಆರಂಭಿಸಿದ ಉಚಿತ ಸೇವೆ ಇದು. ಎಲ್ಲ ಪೆಟ್ಟಿಗೆಗಳೂ ಇದನ್ನು ಬದಲಿಸಲು ಬಿಡುವುದಿಲ್ಲ. ಬಿಟ್ಟರೂ, ಫೋನಿನಲ್ಲಿ ಸಿಮ್‌ನ ಡೇಟಾ ಆನ್ ಮಾಡಿದರೆ ಮುಗಿಯಿತು, ತಡೆಯೂ ಇಲ್ಲ ಗೋಡೆಯೂ ಇಲ್ಲ. ಯೂಟ್ಯೂಬ್‌ನಲ್ಲಿ ಬರುವುದನ್ನೂ ಇದು ತಡೆಯದು. ಸಣ್ಣ ಮಕ್ಕಳ ಮಟ್ಟಿಗೆ ಇದೊಂದು ಒಳ್ಳೆಯ ಜಾಲರಿ. ದೊಡ್ಡವರಾದ ಮಕ್ಕಳ ಬಳಿ ಕುಳಿತು ಮಾತಾಡುವ ಕೆಲಸವನ್ನು ನಾಲ್ಕು ಅಂಕೆಗಳಿಗೆ ಒಪ್ಪಿಸಲಾಗದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕೆಲವು ಮನೆಗಳಲ್ಲಿ ಪಾಸ್‌ವರ್ಡ್ ಹಿರಿಯ ಮಗನ ಕೈಯಲ್ಲಿರುತ್ತದೆ. ತಂಗಿಯ ಫೋನನ್ನು ರಾತ್ರಿ ಒಂಬತ್ತಕ್ಕೆ ವೈಫೈಯಿಂದ ಕಡಿದು, ತಾನು ಮಾತ್ರ ಎರಡು ಗಂಟೆಯವರೆಗೆ ಹಾಸಿಗೆಯಲ್ಲಿ ಮೊಬೈಲ್ ನೋಡುತ್ತಿರುತ್ತಾನೆ. ಮರುದಿನ ಪರೀಕ್ಷೆಗೆ ಓದಬೇಕಿದ್ದವಳು ಅವಳು! ಕಣ್ಣಿನ ಲಜ್ಜೆ ಗಂಡುಮಕ್ಕಳಿಗೂ ಇದೆ. ರಾತ್ರಿ ಹತ್ತಕ್ಕೆ ವೈಫೈ ನಿಲ್ಲಬೇಕೆಂದರೆ ಎಲ್ಲರಿಗೂ ನಿಲ್ಲಲಿ, ಓದುವವರಿಗೆ ಬಿಡುವುದಾದರೆ ಮಗಳಿಗೂ ಬಿಡಲಿ. ಆ ತೀರ್ಮಾನ ತಾಯಿ-ತಂದೆಯರದ್ದು, ಪೆಟ್ಟಿಗೆಯ ಪಾಸ್‌ವರ್ಡ್ ಅವರ ಬಳಿಯೇ ಇರಬೇಕು.

ಬೆಟಗೇರಿಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳಿಗೆ ಒಂದು ಸಣ್ಣ ಉಪಾಯ. ಪೆಟ್ಟಿಗೆ ಎರಡು ಹೆಸರಿನಲ್ಲಿ ಕಂಡರೆ, 5ಜಿ ಎಂದು ಬರೆದದ್ದು ವೇಗವಾದರೂ ಗೋಡೆ ದಾಟಲಾರದು. ಒಳಕೋಣೆಯಲ್ಲಿ ಓದುವ ಮಗುವಿನ ಫೋನನ್ನು ಇನ್ನೊಂದಕ್ಕೆ, ಅಂದರೆ 2.4 ಗಿಗಾಹರ್ಟ್ಸ್‌ಗೆ ಜೋಡಿಸಿ. ಪೆಟ್ಟಿಗೆಯನ್ನು ಕಬ್ಬಿಣದ ಅಲಮಾರಿಯ ಹಿಂದೆ ಇಡಬೇಡಿ. ಹೆಸ್ಕಾಂ ಕರೆಂಟ್ ಹೋದಾಗ ಫೈಬರ್ ತಂತಿಗೆ ಏನೂ ಆಗುವುದಿಲ್ಲ, ಪೆಟ್ಟಿಗೆಗೆ ಮಾತ್ರ ಕರೆಂಟ್ ಬೇಕು. ಅದಕ್ಕೆಂದೇ ಚಿಕ್ಕ ಯುಪಿಎಸ್‌ಗಳು ಸಿಗುತ್ತವೆ, ಪೆಟ್ಟಿಗೆಯ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ ಅದೇ ವೋಲ್ಟಿನದನ್ನು ತರಿಸಿ.

ಬರೆದಿಟ್ಟ ಹಾಳೆಯನ್ನು ಪೆಟ್ಟಿಗೆಗೆ ಅಂಟಿಸದೆ ರೇಷನ್ ಕಾರ್ಡ್ ಇಡುವ ಚೀಲದಲ್ಲಿಡಿ. ಮನೆ ಬದಲಿಸುವಾಗಲೋ ಕಂಪನಿ ಬದಲಿಸುವಾಗಲೋ ಪೆಟ್ಟಿಗೆಯನ್ನು ಹಿಂದಿರುಗಿಸಬೇಕಾದರೆ, ಕೊಡುವ ಮುನ್ನ ಆ ಸೂಜಿರಂಧ್ರವನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅದನ್ನು ಚುಚ್ಚಲು ಸರಿಯಾದ ಹೊತ್ತು ಅದೇ.