ಕಾಲುಭಾಗ ಕತ್ತರಿಸಿದ ಚಿತ್ರಕ್ಕೆ ನೋಡುಗರ ತೀರ್ಪು

ಮೊಬೈಲಿನಲ್ಲಿ ಹಳೆಯ ಕನ್ನಡ ಚಿತ್ರ ನೋಡಿದವರು ಏನೆಂದರು ಎಂಬುದನ್ನು ಹಿಡಿದುಕೊಂಡು ಆ ಚಿತ್ರಗಳ ಯೋಗ್ಯತೆ ಅಳೆಯಲು ಬರುವುದಿಲ್ಲ. ನೋಡಿದವರ ಕೈಗೆ ಸಿಕ್ಕಿದ್ದು ಆ ಚಿತ್ರವೇ ಅಲ್ಲ. 2025ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ತನ್ನದೇ ಒಟಿಟಿ ವೇದಿಕೆ ಘೋಷಿಸಿದ ಮೇಲೆ ಎರಡು ವಾದಗಳು ಕೇಳಿಬರುತ್ತಿವೆ. ಹಳೆಯದನ್ನು ಈಗಿನ ಹುಡುಗರು ಹತ್ತು ನಿಮಿಷವೂ ನೋಡುವುದಿಲ್ಲ, ದುಡ್ಡು ದಂಡ ಎಂಬುದು ಒಂದು. ಲಕ್ಷಗಟ್ಟಲೆ ಜನ ಈಗಾಗಲೇ ನೋಡುತ್ತಿದ್ದಾರೆ, ವೇದಿಕೆ ಕಟ್ಟಿದರೆ ಸಾಕು ಎಂಬುದು ಇನ್ನೊಂದು. ಪ್ರೌಢಶಾಲೆಯ ಹುಡುಗರೂ ಮಾಡಬಹುದಾದ ಒಂದು ಲೆಕ್ಕವನ್ನು ಎರಡೂ ಕಡೆಯವರು ಬಿಟ್ಟುಬಿಟ್ಟಿದ್ದಾರೆ.

‘ಬೇಡರ ಕಣ್ಣಪ್ಪ’ದ ಕಾಲದ ಚಿತ್ರಗಳ ಚೌಕಟ್ಟಿನ ಅಗಲ ನಾಲ್ಕಾದರೆ ಎತ್ತರ ಮೂರು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ, ಅದಕ್ಕೂ ಹಿಂದಿನ ಚಿತ್ರಗಳದ್ದೆಲ್ಲ ಹೆಚ್ಚೂಕಡಿಮೆ ಇದೇ ಅಳತೆ. ಇಂದಿನ ಟಿವಿ ಪರದೆ ಹದಿನಾರಕ್ಕೆ ಒಂಬತ್ತು. ಹಳೆಯ ಚಿತ್ರವನ್ನು ಆ ಪರದೆಯ ತುಂಬ ಕಾಣಿಸಬೇಕೆಂದರೆ ಅಗಲವನ್ನು ಹಾಗೇ ಇಟ್ಟು ಎತ್ತರವನ್ನು ಮೂರರಿಂದ ಎರಡೂಕಾಲಿಗೆ ಇಳಿಸಬೇಕು. ಅಂದರೆ ಪ್ರತಿ ದೃಶ್ಯದಲ್ಲೂ ಶೇ 25ರಷ್ಟು ಚಿತ್ರ ಮಾಯ. ಪೌರಾಣಿಕದಲ್ಲಿ ಕಿರೀಟದ ತುದಿ ಮೇಲಂಚಿನ ಆಚೆ ಹೋಗುತ್ತದೆ, ನೃತ್ಯದಲ್ಲಿ ಗೆಜ್ಜೆ ಕಟ್ಟಿದ ಕಾಲು ಕೆಳಗಂಚಿನ ಆಚೆ. ಸಮೀಪದ ಮುಖವಾದರೆ ಹಣೆಯ ವಿಭೂತಿ ಅರ್ಧ ಉಳಿಯುತ್ತದೆ. ಅದೂ ಸಾಲದೆಂಬಂತೆ ಹಕ್ಕುದಾರರ ಲಾಂಛನ ಮೂಲೆಯಲ್ಲಿ ಕೂತಿರುತ್ತದೆ. ಹೊಸ ಮೊಬೈಲಿನ ಪರದೆ ಇನ್ನೂ ಅಗಲ, ಸಾಮಾನ್ಯವಾಗಿ ಇಪ್ಪತ್ತಕ್ಕೆ ಒಂಬತ್ತು. ಎರಡು ಬೆರಳಲ್ಲಿ ಹಿಗ್ಗಿಸಿ ಪರದೆ ತುಂಬಿಸಿಕೊಂಡರೆ ನಷ್ಟ ಶೇ 40. ಕತ್ತರಿಸುವ ಬದಲು ಎಳೆದು ಹಿಗ್ಗಿಸಿದ ಪ್ರತಿಗಳೂ ಉಂಟು. ಅವುಗಳಲ್ಲಿ ಎಲ್ಲರ ಮುಖವೂ ಮೂರರಲ್ಲೊಂದು ಪಾಲು ಅಗಲ, ನಾಯಕಿಯೂ ಮೈ ತುಂಬಿಕೊಂಡವಳೇ.

ದನಿಗೂ ಇದೇ ಗತಿ. ಚಿತ್ರ ಓಡಬೇಕಾದದ್ದು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ; ಭಾರತದ ಟಿವಿ ಪದ್ಧತಿಯ ವೇಗ 25. ಟಿವಿಗೆಂದೋ ಡಿವಿಡಿಗೆಂದೋ ಆ ವೇಗಕ್ಕೆ ಹೊಂದಿಸಿಕೊಂಡ ಪ್ರತಿಯನ್ನೇ ಅಂತರ್ಜಾಲಕ್ಕೆ ಏರಿಸಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿಯೂ ಏರುತ್ತದೆ. ಸೇಡಂ ಕಡೆಯ ಹಳ್ಳಿಗಳಲ್ಲಿ ತತ್ವಪದಕ್ಕೆ ಹಾರ್ಮೋನಿಯಂ ಹಿಡಿಯುವವರು ಅಂಥ ಹಾಡಿಗೆ ಸ್ವರ ಕೂಡಿಸಲು ಹೋದರೆ ಅದು ಬಿಳಿ ಒಂದಕ್ಕೂ ಕಪ್ಪು ಒಂದಕ್ಕೂ ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಮಂದ್ರದ ಗಾಂಭೀರ್ಯ ಕಡಿಮೆಯಾಯಿತೆಂದು ಯಾರಾದರೂ ಗೊಣಗಿದರೆ ತಪ್ಪು ಗಾಯಕರದ್ದಲ್ಲ, ಕೇಳುವ ಕಿವಿಯದ್ದೂ ಅಲ್ಲ.

ಈ ಕಾಲುಭಾಗದ ನಷ್ಟ ಎಲ್ಲರಿಗೂ ಒಂದೇ ತೂಕದ್ದಲ್ಲ. ‘ಬೇಡರ ಕಣ್ಣಪ್ಪ’ವನ್ನು ಮೈಸೂರಿನ ಟಾಕೀಸಿನಲ್ಲಿ ನೋಡಿದ ಹಿರಿಯರು ಕಾಣದ ಕಿರೀಟವನ್ನು ನೆನಪಿನಿಂದಲೇ ತುಂಬಿಕೊಳ್ಳುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮಾತು ಬೇರೆ. ಆ ಚಿತ್ರ ತೆರೆ ಕಂಡ 1954ರಲ್ಲಿ ಈ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. 1874ರಲ್ಲಿ ಹಾಕಿದ ನಿಜಾಮರ ರೈಲು ಹಳಿ ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗುತ್ತದೆ, ಬೆಂಗಳೂರಿನತ್ತ ಅಲ್ಲ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ‘ನಿಜಾಂ’ ಎಂಬ ವಿತರಣಾ ವಲಯ ರಾಜ್ಯ ಮುಳುಗಿದ ಎಷ್ಟೋ ವರ್ಷಗಳ ಮೇಲೂ ಉಳಿದಿದೆ. ಸಿಮೆಂಟು ಕಾರ್ಖಾನೆಯ ವಾಡಿ, ಪರಸಿ ಕಲ್ಲಿನ ಶಹಾಬಾದಗಳ ಮನೆಗಳಲ್ಲಿ ಹಳೆಯ ಪಿಚ್ಚರ್ ಎಂದರೆ ದಿಲೀಪ್ ಕುಮಾರ್ ಇರಬಹುದು, ಎನ್‌.ಟಿ. ರಾಮರಾವ್ ಇರಬಹುದು, ರಾಜ್‌ಕುಮಾರ್ ಇರಬಹುದು. ಹಳೆಯ ಕನ್ನಡ ಚಿತ್ರವೆಂದರೆ ಬಾಲ್ಯದ ನೆನಪು ಎಂದು ಬೆಂಗಳೂರಿನಲ್ಲಿ ಕೂತವರು ಎಣಿಸುವುದುಂಟು. ಇಲ್ಲಿ ಬಹಳ ಜನರಿಗೆ ಅದು ಮೊದಲ ಭೇಟಿ. ಮೊದಲ ಸಲ ನೋಡುವವರು ಕಾಣದ್ದನ್ನು ಯಾವ ನೆನಪಿನಿಂದ ತುಂಬಿಕೊಳ್ಳಬೇಕು?

ಈ ಭಾಗದ ನೋಡುಗರ ತಕರಾರು ಬೇಸರದ್ದೇ ಎಂದು ಬಗೆಯುವುದೂ ಸರಿಯಲ್ಲ. ‘ತಲಿ ಯಾಕ್ ಕಟ್ ಆಗ್ಯಾದ’ ಎಂಬ ಪ್ರಶ್ನೆ ಪ್ರತಿಯ ಮೇಲಿನದು. ‘ಇವ್ರ ಮಾತು ಮೈಸೂರ ಕಡಿದು ಅದ’ ಎಂಬುದು ಮಾತ್ರ ಚಿತ್ರದ ಮೇಲಿನದು, ಅದು ನ್ಯಾಯವಾದದ್ದು. ಈ ಕಡೆಯ ಮಾತಿಗೆ ಹಳೆಯ ಚಿತ್ರಗಳಲ್ಲಿ ಸಿಕ್ಕ ಜಾಗ ಹೆಚ್ಚಾಗಿ ಹಾಸ್ಯಪಾತ್ರದ್ದು. ಆ ಟೀಕೆಗೆ ಸ್ಕ್ಯಾನಿಂಗ್ ಯಂತ್ರ ಉತ್ತರ ಕೊಡಲಾರದು. ಆದರೆ ಮೊದಲನೆಯದನ್ನು ಸರಿಪಡಿಸದೆ ಎರಡನೆಯದನ್ನು ತೂಗಿ ನೋಡುವುದು ಹೇಗೆ? 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. ಕಲ್ಯಾಣದ ಕತೆಯನ್ನು ಕಲ್ಯಾಣದ ನೆರೆಹೊರೆಯವರೇ ಹೇಗೆ ಸ್ವೀಕರಿಸುತ್ತಾರೆ ಎಂಬ ಕುತೂಹಲವಿದ್ದವರು ಮೊದಲು ಅವರಿಗೆ ಪೂರ್ತಿ ಚಿತ್ರ ತೋರಿಸಬೇಕು.

ಗಡಿನಾಡಿನ ಈ ನೋಡುಗರಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಅನುಕೂಲವೂ ಇದೆ. ಎವಿಎಂ ಸಂಸ್ಥೆ 1958ರಲ್ಲಿ ‘ಭೂಕೈಲಾಸ’ವನ್ನು ತೆಲುಗಿನಲ್ಲೂ ಕನ್ನಡದಲ್ಲೂ ತಯಾರಿಸಿತು. ನಿರ್ದೇಶಕರು ಒಬ್ಬರೇ, ಕೆ. ಶಂಕರ್. ಅಲ್ಲಿ ರಾವಣ ಎನ್‌.ಟಿ. ರಾಮರಾವ್, ಇಲ್ಲಿ ರಾಜ್‌ಕುಮಾರ್. ಅದಕ್ಕೂ ಮೊದಲು, 1954ರಲ್ಲೇ, ಕಣ್ಣಪ್ಪನ ಕತೆ ‘ಕಾಳಹಸ್ತಿ ಮಹಾತ್ಮ್ಯಂ’ ಎಂಬ ಹೆಸರಿನಲ್ಲಿ ತೆಲುಗಿಗೂ ಹೋಗಿತ್ತು. ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಏಕೈಕ ತೆಲುಗು ಚಿತ್ರ ಅದು. ಎರಡು ಭಾಷೆಯೂ ಬರುವ ಸೇಡಂ, ಚಿಂಚೋಳಿಯ ನೋಡುಗರು ಇಬ್ಬರು ರಾವಣರನ್ನು ಒಂದೇ ರಾತ್ರಿ ಪಕ್ಕಪಕ್ಕ ಇಟ್ಟು ನೋಡಬಲ್ಲರು. ಚಲನಚಿತ್ರ ಅಧ್ಯಯನದವರು ಬೆನ್ನು ಹತ್ತಬೇಕಾದ ಪ್ರತಿಕ್ರಿಯೆ ಇಂಥದ್ದು. ಒಂದು ಪ್ರತಿ ಸ್ವಚ್ಛವಾಗಿದ್ದು ಇನ್ನೊಂದು ಕತ್ತರಿಸಿದ್ದಾದರೆ ಗೆಲ್ಲುವವನು ರಾವಣನಲ್ಲ, ಪ್ರತಿ.

ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಜನ ಸಿಡಿಮಿಡಿಗೊಳ್ಳುತ್ತಾರೆ, ಆದ್ದರಿಂದ ಕತ್ತರಿಸುವುದು ಅನಿವಾರ್ಯ ಎಂಬುದು ಹಕ್ಕುದಾರರ ಸಮಜಾಯಿಷಿ. ಟಿವಿಯ ಕಾಲದಲ್ಲಿ ಇದಕ್ಕೆ ಅರ್ಥವಿದ್ದಿರಬಹುದು. ಮೊಬೈಲನ್ನು ಉದ್ದಕ್ಕೆ ಹಿಡಿದು ಮೇಲೆ ಕೆಳಗೆ ಕಪ್ಪು ಬಿಟ್ಟು ಅಂಗೈ ಅಗಲದ ವಿಡಿಯೊ ನೋಡುವ ಜನರ ಕಾಲದಲ್ಲಿ ಈ ವಾದ ಹೇಳುವವರಿಗೇ ನಂಬಿಕೆ ಇದ್ದಂತಿಲ್ಲ.

ಸರ್ಕಾರದ ಯೋಜನೆಯೂ ಇಲ್ಲೇ ಎಡವುವ ಲಕ್ಷಣವಿದೆ. ಬಜೆಟ್ ಬಳಿಕ ಸದ್ದೆಲ್ಲ ₹200ರ ಟಿಕೆಟ್ ಮಿತಿಯದ್ದಾಯಿತು. ಅದು ಹೈಕೋರ್ಟಿನ ಮೆಟ್ಟಿಲೇರಿತು. ಅದೇ ಬಜೆಟ್‌ನಲ್ಲಿ ಚಿತ್ರಗಳ ಭಂಡಾರಕ್ಕೆ ಇಟ್ಟ ₹3 ಕೋಟಿಯ ಬಗ್ಗೆ ಮಾತಾಡಿದವರು ಕಡಿಮೆ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ‘ಸಿಸ್ಪೇಸ್’ ಎಂಬ ತನ್ನ ಒಟಿಟಿ ವೇದಿಕೆ ಆರಂಭಿಸಿದಾಗ ಅದರಲ್ಲಿದ್ದದ್ದು 42 ಚಿತ್ರ, ಒಂದು ಕಥಾಚಿತ್ರ ನೋಡಲು ₹75. ವೇದಿಕೆ ಕಟ್ಟುವುದು ಸುಲಭ, ಅದರೊಳಗೆ ಇಡಲು ತಕ್ಕ ಪ್ರತಿ ಹೊಂದಿಸುವುದು ಕಷ್ಟ. ಕೆಲಸ ಹೇಗೆ ಆಗಬೇಕೆಂಬುದಕ್ಕೆ ಕನ್ನಡದಲ್ಲೇ ಮಾದರಿ ಇದೆ: ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೈಜೋಡಿಸಿದ್ದರಿಂದ ಅದು ಸಾಧ್ಯವಾಯಿತು. ನೆಗೆಟಿವ್ ಉಳಿದಿದ್ದರೆ ಮಾತ್ರ ಇಂಥದ್ದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ.

ಹಕ್ಕು ಖರೀದಿಗೇ ಬೊಕ್ಕಸ ಬರಿದಾಗುತ್ತದೆ ಎಂಬ ಅಂಜಿಕೆ ಹಳೆಯ ಚಿತ್ರಗಳ ಮಟ್ಟಿಗೆ ಆಧಾರವಿಲ್ಲದ್ದು. ಭಾರತದ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. 1964ರ ‘ನಾಂದಿ’, ‘ಚಂದವಳ್ಳಿಯ ತೋಟ’ಗಳೂ ಸೇರಿ ಆ ವರ್ಷದವರೆಗಿನ ಚಿತ್ರಗಳ ಅವಧಿ 2024ರ ಕೊನೆಗೇ ತೀರಿದೆ. ಸಾಹಿತ್ಯ, ಸಂಗೀತಗಳ ಹಕ್ಕು ರಚಿಸಿದವರ ಮರಣಾನಂತರವೂ 60 ವರ್ಷ ಬೇರೆಯಾಗಿ ಮುಂದುವರಿಯುವುದರಿಂದ ಹಾಡುಗಳಿಗೆ ಪ್ರತ್ಯೇಕ ಒಪ್ಪಂದ ಬೇಕು. ಅದು ಮಾತುಕತೆಯಲ್ಲಿ ಮುಗಿಯುವ ಸಂಗತಿ. 1965ರ ‘ಸತ್ಯ ಹರಿಶ್ಚಂದ್ರ’ದ ಅವಧಿಗೆ 2025ರ ಡಿಸೆಂಬರ್ 31 ಕೊನೆಯ ದಿನ, 2008ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ ಪ್ರತಿಯ ಹಕ್ಕು ಬೇರೆ ಪ್ರಶ್ನೆ. ಭಂಡಾರದ ₹3 ಕೋಟಿಯನ್ನು ಕಪ್ಪು-ಬಿಳುಪಿನ ಮೂಲಗಳನ್ನು ಹುಡುಕಿ, ನಾಲ್ಕಕ್ಕೆ ಮೂರರ ಅಳತೆಯಲ್ಲಿ, 24ರ ವೇಗದಲ್ಲಿ ಸ್ಕ್ಯಾನ್ ಮಾಡಿಸಲು ಮೊದಲು ಬಳಸಬೇಕು. ವೇದಿಕೆಯ ಉದ್ಘಾಟನೆ ಅದಾದ ಮೇಲೆ.